ದಾಖಲೆ ಎಂಬ ಪ್ರಮಾಣ

ಸರ್ಕಾರಿ ಪುಸ್ತಕದಲ್ಲಿ ಬರೆದದ್ದನ್ನು ನಿಜವೆಂದು ನಂಬುವುದು ಯಾವ ಆಧಾರದ ಮೇಲೆ? ಇದು ತಾಲ್ಲೂಕು ಕಚೇರಿಯ ಪ್ರಶ್ನೆಯಂತೆ ಕಂಡರೂ ಮೂಲದಲ್ಲಿ ಪ್ರಮಾಣಶಾಸ್ತ್ರದ ಪ್ರಶ್ನೆ. ಭಾರತೀಯ ದರ್ಶನಗಳಲ್ಲಿ ಇದಕ್ಕೆ ಎರಡು ಉತ್ತರಗಳಿವೆ. ಮೀಮಾಂಸಕರೂ ವೇದಾಂತಿಗಳೂ ಸ್ವತಃಪ್ರಾಮಾಣ್ಯವಾದಿಗಳು. ಅವರ ಪ್ರಕಾರ ಜ್ಞಾನವು ಹುಟ್ಟಿದಾಗಲೇ ನಂಬಲು ಅರ್ಹ, ಅದನ್ನು ಸುಳ್ಳಾಗಿಸುವ ಬಾಧಕ ಎದುರಾದರೆ ಮಾತ್ರ ಕೈಬಿಡಬೇಕು. ನೈಯಾಯಿಕರು ಪರತಃಪ್ರಾಮಾಣ್ಯವಾದಿಗಳು. ಜ್ಞಾನವು ತನಗೆ ತಾನೇ ಸಾಕ್ಷಿ ಹೇಳಲಾರದು, ಹೊರಗಿನ ಪರೀಕ್ಷೆ ಬೇಕು ಎನ್ನುತ್ತಾರೆ. ದೂರದಲ್ಲಿ ಕಂಡದ್ದು ನೀರೋ ಬಿಸಿಲ್ಗುದುರೆಯೋ ಎಂಬುದು ಹೋಗಿ ಕುಡಿದಾಗಲೇ ಖಚಿತ.

ಕರ್ನಾಟಕದ ಕಂದಾಯ ಕಾನೂನು ಮೊದಲ ಪಕ್ಷಕ್ಕೆ ಸೇರಿದ್ದು. 1964ರ ಭೂಕಂದಾಯ ಅಧಿನಿಯಮದ 133ನೇ ಪ್ರಕರಣದಂತೆ ಹಕ್ಕು ದಾಖಲೆಯ ನಮೂದನ್ನು, ತದ್ವಿರುದ್ಧ ಸಾಬೀತಾಗುವವರೆಗೆ, ನಿಜವೆಂದೇ ಭಾವಿಸಬೇಕು. ಅಂದರೆ ಬಾಧಕ ಬರುವ ತನಕ ಪಹಣಿಯೇ ಪ್ರಮಾಣ. ಆದರೆ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಬಾಧಕ ಹುಟ್ಟುವುದಾದರೂ ಹೇಗೆ? ಯಾರೂ ನೋಡದ ನಮೂದು ಯಾರಿಂದಲೂ ತಪ್ಪೆನಿಸಿಕೊಳ್ಳದು. ಹಾಗೆ ಉಳಿದದ್ದು ನಿಜವಾಗಿದ್ದರಿಂದಲ್ಲ, ಕಾಣದೆ ಇದ್ದದ್ದರಿಂದ. ಹೊರಗಿನ ಪರೀಕ್ಷೆ ಬೇಕೆನ್ನುವ ನೈಯಾಯಿಕರಿಗಂತೂ ಪರೀಕ್ಷಕರಿಗೆ ಬಾಗಿಲು ತೆರೆದಿರಲೇಬೇಕು. ಹೀಗೆ ಪರಸ್ಪರ ಒಪ್ಪದ ಎರಡೂ ಪಕ್ಷಗಳು ದಾಖಲೆಯ ವಿಷಯದಲ್ಲಿ ಒಂದೇ ಷರತ್ತಿಗೆ ಬಂದು ನಿಲ್ಲುತ್ತವೆ: ನೋಡಲು ಸಿಗುವುದೇ ಪ್ರಮಾಣವಾಗಬಲ್ಲದು.

ಈ ಷರತ್ತಿನ ತೂಕ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಕಣ್ಣಿಗೆ ಕಾಣುತ್ತದೆ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಇಲ್ಲಿ ಕಟ್ಟಿದ ರೋಸರಿ ಚರ್ಚು, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಹಿನ್ನೀರಿನ ಪಾಲಾಯಿತು. ಜಲಾಶಯ ತುಂಬಿದಾಗ ಕಮಾನುಗಳ ಅರ್ಧದವರೆಗೂ ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ಸೂರಿಲ್ಲದ ಗೋಡೆಗಳ ನಡುವೆ ನೆಲ ಒಣಗಿ ಬಿರಿಯುತ್ತದೆ. ಕಟ್ಟಡವಾದರೂ ವರ್ಷಕ್ಕೊಮ್ಮೆ ಮೇಲೇಳುತ್ತದೆ. ಮುಳುಗಡೆಯಾದ ಹೊಲಕ್ಕೆ ಆ ಭಾಗ್ಯವಿಲ್ಲ. ಬದು, ಬಾಂದುಕಲ್ಲು, ಗಡಿಯ ಮರ ಎಲ್ಲವೂ ನೀರಿನಡಿ ಹೋದ ಮೇಲೆ ಇಂಥ ಜಮೀನು ಇಂಥವರದಾಗಿತ್ತು ಎಂದು ಹೇಳಲು ಉಳಿಯುವುದು ಹಳೆಯ ಪಹಣಿ, ಭೂಸ್ವಾಧೀನದ ಐತೀರ್ಪು ಮತ್ತು ಪರಿಹಾರದ ಪಟ್ಟಿ. ಬೇರೆ ಊರುಗಳಲ್ಲಿ ಕಾಗದ ತಪ್ಪಿದರೆ ನೆಲವನ್ನೇ ಅಳೆದು ತಿದ್ದಬಹುದು. ಮುಳುಗಡೆಯ ಊರಿನಲ್ಲಿ ಕಾಗದವನ್ನು ತಿದ್ದಬಲ್ಲದ್ದು ಇನ್ನೊಂದು ಕಾಗದ ಮಾತ್ರ.

ಸಾಕ್ಷಿ ಎಂಬ ಪದದಲ್ಲೇ ಅಕ್ಷಿ, ಅಂದರೆ ಕಣ್ಣು, ಇದೆ. ದಾಖಲೆ ಊರ ಕಣ್ಣೆದುರು ಇರಬೇಕೆಂಬ ಅರಿವು ಈ ಜಿಲ್ಲೆಗೆ ಹೊಸದಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರ ಶಾಸನವು ದಾನವೊಂದನ್ನು ಕನ್ನಡದಲ್ಲಿ ದಾಖಲಿಸಿದೆ. ಶ್ರವಣಬೆಳಗೊಳದ 1368ರ ಶಾಸನ ಇನ್ನೂ ಸ್ಪಷ್ಟ ನಿದರ್ಶನ. ಜೈನರಿಗೂ ಶ್ರೀವೈಷ್ಣವರಿಗೂ ಎದ್ದ ವ್ಯಾಜ್ಯವನ್ನು ವಿಜಯನಗರದ ಅರಸ ಬುಕ್ಕರಾಯ ಬಗೆಹರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಎತ್ತಿ, ಅದರಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ಇಡಬೇಕು, ಉಳಿದದ್ದನ್ನು ಜಿನಾಲಯಗಳ ದುರಸ್ತಿಗೆ ಬಳಸಬೇಕು ಎಂಬ ಲೆಕ್ಕವೂ ಅದೇ ಕಲ್ಲಿನಲ್ಲಿದೆ. ಹಣ ಕೊಡುವವನು ಅದು ಎಲ್ಲಿಗೆ ಹೋಗಬೇಕೆಂದು ಓದಬಹುದಿತ್ತು. ದಾನಶಾಸನಗಳ ನೆತ್ತಿಯಲ್ಲಿ ಕೆತ್ತುವ ಸೂರ್ಯಚಂದ್ರರು ದಾನದ ಅವಧಿಯನ್ನು ಸೂಚಿಸುತ್ತಾರೆ. ಕೊನೆಯ ಶಾಪವಾಕ್ಯ ಅಳಿಸುವವನನ್ನು ಪಾಪದ ಭಯದಿಂದ ತಡೆಯುತ್ತದೆ.

ಕಲ್ಲಿಗೆ ತದ್ವಿರುದ್ಧವಾದದ್ದು ಕಡತ. ಇಂದು ಕಚೇರಿಯ ಫೈಲಿಗೆ ಹೇಳುವ ಈ ಪದ ಮೊದಲು ಬಟ್ಟೆಯ ಪುಸ್ತಕದ ಹೆಸರು. ಹುಣಸೆಬೀಜದ ಸರಿಗೆ ಇದ್ದಿಲಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಾಡಿ, ಬಳಪದಲ್ಲಿ ಬರೆಯುತ್ತಿದ್ದರು. ಒರೆಸಿದರೆ ಅಳಿಯುತ್ತಿತ್ತು, ಮೇಲೆ ಮತ್ತೆ ಬರೆಯಬಹುದಿತ್ತು. ಊರಿನ ಲೆಕ್ಕ ಶಾನುಭೋಗರ ವಶದಲ್ಲಿ, ಅನೇಕ ಕಡೆ ಅವರ ಮನೆಯಲ್ಲೇ ಇರುತ್ತಿತ್ತು. ಶಾನುಭೋಗಿಕೆ ವಂಶಪಾರಂಪರ್ಯವಾದ್ದರಿಂದ ಊರಿನ ಜ್ಞಾನ ಮನೆತನದ ಆಸ್ತಿಯಂತಾಯಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾನೂನು ಆ ಕೊಂಡಿಯನ್ನು ಕಡಿಯಿತು. ಮುಂದೆ ‘ಭೂಮಿ’ ಯೋಜನೆ ಪಹಣಿಯನ್ನು ಕಂಪ್ಯೂಟರಿಗೇರಿಸಿತು.

ಬೇಡಿ ಪಡೆಯುವುದಕ್ಕೂ ಹಕ್ಕಿನಿಂದ ಪಡೆಯುವುದಕ್ಕೂ ಇರುವ ನೈತಿಕ ಅಂತರವನ್ನು ಗುರುತಿಸಿದ್ದು ಮಾಹಿತಿ ಹಕ್ಕು. ಕರ್ನಾಟಕ 2000ದಲ್ಲೇ ತನ್ನದೊಂದು ಕಾನೂನು ಮಾಡಿತ್ತು. ಕೇಂದ್ರದ ಅಧಿನಿಯಮ 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂತು. ಅರ್ಜಿದಾರ ಕಾರಣ ಹೇಳಬೇಕಿಲ್ಲ, ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. 4ನೇ ಪ್ರಕರಣದಂತೆ ಅನೇಕ ವಿವರಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಗ್ರಾಮ ಪಂಚಾಯಿತಿಯ ವಾರ್ಷಿಕ ಜಮಾಬಂದಿ ಇದರ ಊರಮಟ್ಟದ ರೂಪ. ಆದ ಕೆಲಸವನ್ನೂ ಬರೆದ ಲೆಕ್ಕವನ್ನೂ ಜನರೆದುರು ತಾಳೆ ನೋಡುವುದು ಅದರ ತಿರುಳು. ಚರಂಡಿಯ ಉದ್ದ ಪುಸ್ತಕದಲ್ಲಿ ಇಷ್ಟು ಮೀಟರ್ ಎಂದಿದ್ದರೆ, ಟೇಪು ಹಿಡಿದು ನಿಂತವನೇ ನೈಯಾಯಿಕ.

ಎಲ್ಲವೂ ತೆರೆದಿರಬೇಕೆಂದು ಇದರ ಅರ್ಥವಲ್ಲ. ತೆರೆದಿಡಬೇಕಾದದ್ದಕ್ಕೂ ಮುಚ್ಚಿಡಬೇಕಾದದ್ದಕ್ಕೂ ನಡುವಿನ ಗೆರೆಯನ್ನು ಕ್ಯಾಥೊಲಿಕ್ ಧರ್ಮಸಂಹಿತೆ ನಿಖರವಾಗಿ ಎಳೆದಿದೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರು ಎಂದಿಗೂ ಹೊರಗೆಡಹುವಂತಿಲ್ಲ. ಅದೇ ಗುರುವಿನ ಹೊಣೆಯಲ್ಲಿರುವ ಜ್ಞಾನಸ್ನಾನ, ಮದುವೆ, ಮರಣಗಳ ಪುಸ್ತಕದಿಂದ ಸಂಬಂಧಪಟ್ಟವರು ತಮ್ಮ ಸ್ಥಿತಿಗತಿಯ ಅಧಿಕೃತ ಪ್ರತಿ ಪಡೆಯುವುದು ಹಕ್ಕು. ಮೊದಲನೆಯದು ಆತ್ಮಸಾಕ್ಷಿಗೆ ಸೇರಿದ್ದು, ಎರಡನೆಯದು ಸಮುದಾಯಕ್ಕೆ. ಸರ್ಕಾರದ ಕಾನೂನೂ ಖಾಸಗಿ ಮಾಹಿತಿಗೆ ವಿನಾಯಿತಿ ಕೊಡುತ್ತದೆ. 2023ರ ದತ್ತಾಂಶ ರಕ್ಷಣಾ ಕಾನೂನು ಆ ವಿನಾಯಿತಿಯನ್ನು ಹಿಗ್ಗಿಸುವ ತಿದ್ದುಪಡಿ ತಂದಿದೆ. ಕಾಯಿಲೆಯ ವಿವರ ವ್ಯಕ್ತಿಯದು. ಸಾರ್ವಜನಿಕ ಹಣ ಪಡೆದವರ ಪಟ್ಟಿ ಊರಿನದೂ ಹೌದು. ಎರಡಕ್ಕೂ ಒಂದೇ ಬೀಗ ಹಾಕಿದರೆ ಗೌಪ್ಯತೆಯ ಹೆಸರಿನಲ್ಲಿ ಬಾಧಕದ ದಾರಿ ಮುಚ್ಚುತ್ತದೆ.

ತೆರೆದಿಟ್ಟ ಮಾತ್ರಕ್ಕೆ ದಾಖಲೆ ದಕ್ಕಿತೆಂದೂ ಅಲ್ಲ. ಮೋಡಿ ಲಿಪಿಯ ಹಳೆಯ ಲೆಕ್ಕ, ಎಕರೆಗುಂಟೆಗಳಾಚೆಯ ಅಳತೆಗಳು, ಕಚೇರಿಯ ಇಂಗ್ಲಿಷು ಓದಲು ಬಾರದವನಿಗೆ ಬೀಗವೇ ಸರಿ. ಆದ್ದರಿಂದಲೇ ಮಾಹಿತಿ ಹಕ್ಕು ಕಾನೂನು ಪ್ರಕಟಣೆಯಲ್ಲಿ ಸ್ಥಳೀಯ ಭಾಷೆಯನ್ನು ಗಮನಿಸಬೇಕೆನ್ನುತ್ತದೆ. ಗ್ರಾಮಸಭೆಯಲ್ಲಿ ಲೆಕ್ಕವನ್ನು ಗಟ್ಟಿಯಾಗಿ ಓದಿದಾಗ ಅಕ್ಷರ ಬಾರದವರೂ ಪರೀಕ್ಷಕರಾಗುತ್ತಾರೆ. ಅವರು ಎತ್ತುವ ಆಕ್ಷೇಪ ನಡಾವಳಿಯಲ್ಲಿ ದಾಖಲಾದಾಗ ಅದೂ ಒಂದು ದಾಖಲೆಯಾಗಿ ಮುಂದಿನ ಪರೀಕ್ಷೆಗೆ ಒದಗುತ್ತದೆ.