ನಾಗಸೇನನ ರಥ ಮತ್ತು ಒಂದು ಕೊಟೇಷನ್ ಚೀಟಿ

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಮೊದಲ ಸಲ ತಮಗೆ ಬೇಕಾದ ಹಾಗೆ ಕಂಪ್ಯೂಟರ್ ಜೋಡಿಸಿಕೊಳ್ಳಲು ಹೊರಟವರ ಕೈಗೆ ಅಂಗಡಿಯವರು ಮೊದಲು ಕೊಡುವುದು ಒಂದು ಕೊಟೇಷನ್ ಚೀಟಿ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್, ಕ್ಯಾಬಿನೆಟ್, ಮಾನಿಟರ್ ಎಂದು ಎಂಟು ಸಾಲು, ಒಂದೊಂದರ ಮುಂದೆ ಒಂದೊಂದು ಬೆಲೆ, ಅಡಿಯಲ್ಲಿ ಮೊತ್ತ. ಆ ಚೀಟಿಯಲ್ಲಿ ಎಷ್ಟು ಹುಡುಕಿದರೂ 'ಕಂಪ್ಯೂಟರ್' ಎಂಬ ಸಾಲು ಸಿಗುವುದಿಲ್ಲ. ಕೊಳ್ಳಲು ಬಂದದ್ದು ಕಂಪ್ಯೂಟರನ್ನು, ದುಡ್ಡು ತೆರುವುದು ಎಂಟು ಬಿಡಿಭಾಗಗಳಿಗೆ. ಹಾಗಾದರೆ ಕಂಪ್ಯೂಟರ್ ಎಂಬುದು ಎಂಟು ವಸ್ತುಗಳಿಗೆ ನಾವು ಒಟ್ಟಾಗಿ ಇಟ್ಟ ಹೆಸರಷ್ಟೇ ಆಯಿತೇ? ಇಲ್ಲವೇ ಆ ಎಂಟೂ ಕೂಡಿದಾಗ ಒಂಬತ್ತನೆಯದೊಂದು ನಿಜವಾಗಿಯೂ ಹುಟ್ಟುತ್ತದೆಯೇ? ಅಂಗಡಿಯ ಮುಂದೆ ನಿಂತವರಿಗೆ ಇದು ಅತಿಯಾದ ಪ್ರಶ್ನೆ ಅನ್ನಿಸಬಹುದು. ಆದರೆ ಅವಯವ (ಬಿಡಿಭಾಗ), ಅವಯವಿ (ಅವು ಕೂಡಿದ ಇಡಿ) ಎಂಬ ಮಾತುಗಳಲ್ಲಿ ನಮ್ಮ ದರ್ಶನಕಾರರು ಶತಮಾನಗಳ ಕಾಲ ವಾದ ಹೂಡಿದ್ದು ಇದೇ ಪ್ರಶ್ನೆಯ ಮೇಲೆ. ಅದಕ್ಕೆ ಕೊಡುವ ಉತ್ತರವನ್ನು ನೆಚ್ಚಿಕೊಂಡೇ 'ನಾನು' ಎಂಬುದಕ್ಕೆ ಏನು ಅರ್ಥ ಎಂಬುದೂ ನಿಂತಿದೆ. ಬಿಡಿಭಾಗಗಳನ್ನು ಆರಿಸುವ ಕೆಲಸವನ್ನು ಎಚ್ಚರದಿಂದ ನೋಡಿದರೆ ಆ ಹಳೆಯ ವಾದದಲ್ಲಿ ಒಂದು ಪಕ್ಷ ಹಿಡಿಯಲು ಸಾಕಷ್ಟು ಸಾಕ್ಷ್ಯ ಸಿಗುತ್ತದೆ ಎಂಬುದು ನನ್ನ ನಂಬಿಕೆ.

ಈ ಪ್ರಶ್ನೆಯನ್ನು ಎಲ್ಲಕ್ಕಿಂತ ಚುರುಕಾಗಿ ಎತ್ತಿದ್ದು ಪಾಳಿ ಭಾಷೆಯ ಮಿಲಿಂದಪಞ್ಹ ಎಂಬ ಗ್ರಂಥ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಯವನ ರಾಜ ಮೆನಾಂಡರನೇ ಅದರ ಮಿಲಿಂದ. ಅವನೊಡನೆ ಮಾತಿಗೆ ಕೂತ ಬೌದ್ಧ ಭಿಕ್ಷು, ತನ್ನನ್ನು ನಾಗಸೇನ ಎಂದು ಕರೆಯುತ್ತಾರೆ, ಆದರೆ ಆ ಹೆಸರಿನ ಹಿಂದೆ ಪುದ್ಗಲನೆಂಬ ವ್ಯಕ್ತಿ ಯಾರೂ ಸಿಗುವುದಿಲ್ಲ ಎನ್ನುತ್ತಾನೆ. ರಾಜನಿಗೆ ಅದು ಒಪ್ಪಿಗೆಯಾಗುವುದಿಲ್ಲ. ಆಗ ಭಿಕ್ಷು, ನೀನು ಇಲ್ಲಿಗೆ ನಡೆದು ಬಂದೆಯೋ ವಾಹನದಲ್ಲಿ ಬಂದೆಯೋ ಎಂದು ಕೇಳುತ್ತಾನೆ. ರಥದಲ್ಲಿ ಬಂದೆ ಎಂಬ ಉತ್ತರ ಬಂದದ್ದೇ ತಡ, ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ಒಂದೊಂದನ್ನೇ ಕೇಳುತ್ತಾ ಹೋಗುತ್ತಾನೆ. ಎಲ್ಲಕ್ಕೂ ಅಲ್ಲ ಎಂಬುದೇ ಉತ್ತರ. ಎಲ್ಲವೂ ಸೇರಿ ರಥವೇ? ಅಲ್ಲ. ಇವೆಲ್ಲವನ್ನೂ ಬಿಟ್ಟು ಬೇರೆಯೊಂದು ರಥವಿದೆಯೇ? ಅದೂ ಇಲ್ಲ. ಕೊನೆಗೆ ಮಿಲಿಂದನೇ, ಈ ಭಾಗಗಳನ್ನು ಆಶ್ರಯಿಸಿ ರಥವೆಂಬ ಹೆಸರು ಬಂದಿದೆ ಎನ್ನುತ್ತಾನೆ. ಸರಿಯಾಗಿ ಹೇಳಿದೆ, ನಾಗಸೇನನೂ ಹಾಗೆಯೇ ಎನ್ನುತ್ತಾನೆ ಭಿಕ್ಷು. ನಮ್ಮ ಚೀಟಿಯ ಎಂಟು ಸಾಲಿಗೂ ಈ ವಾದವನ್ನು ಅಕ್ಷರ ಬದಲಿಸದೆ ಹೊಂದಿಸಬಹುದು.

ನಾಗಸೇನನಿಗೆ ಒಪ್ಪಬೇಕಾದದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ಕಂಪ್ಯೂಟರಿನ ಕೆಲವು ಗುಣಗಳು ಬರಿಯ ಕೂಡುಲೆಕ್ಕ. ಬೆಲೆ ಹಾಗೆ, ತೂಕ ಹಾಗೆ, ಬಹುಮಟ್ಟಿಗೆ ವಿದ್ಯುತ್ತಿನ ಹಸಿವೂ ಹಾಗೆ: 65 ವ್ಯಾಟ್‌ನ ಪ್ರೊಸೆಸರು, 170 ವ್ಯಾಟ್‌ನ ಗ್ರಾಫಿಕ್ಸ್ ಕಾರ್ಡು, ಉಳಿದವುಗಳಿಗೆ ಇಷ್ಟು ಎಂದು ಕೂಡಿಸಿ, ಮೇಲೆ ಒಂದಿಷ್ಟು ಬಿಟ್ಟುಕೊಂಡು ಎಸ್‌ಎಂಪಿಎಸ್ ಆರಿಸುತ್ತೇವೆ. ಅವಯವಿಯು ಅವಯವಗಳಲ್ಲಿ ಸಮವಾಯ ಎಂಬ ಬಿಡಿಸಲಾಗದ ಸಂಬಂಧದಿಂದ ನೆಲೆಸಿರುವ ಬೇರೆಯೇ ದ್ರವ್ಯ ಎಂದ ನ್ಯಾಯದರ್ಶನದ ನೈಯಾಯಿಕರನ್ನು, ಹಾಗಿದ್ದರೆ ಬಿಡಿಭಾಗಗಳ ತೂಕದ ಮೇಲೆ ಅವಯವಿಯ ತೂಕವೂ ತಕ್ಕಡಿಯಲ್ಲಿ ಕಾಣಬೇಕಲ್ಲ ಎಂದು ಬೌದ್ಧರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಒಂದು ತುದಿ ಹಿಡಿದೆಳೆದರೆ ಇಡೀ ವಸ್ತು ಬರುತ್ತದೆ, ಆದ್ದರಿಂದ ಅವಯವಿ ಉಂಟು ಎಂಬ ನ್ಯಾಯಸೂತ್ರದ ವಾದವೂ ನನಗೆ ಗಟ್ಟಿಯೆನಿಸುವುದಿಲ್ಲ. ಹಗ್ಗ ಬಿಗಿದ ಸೌದೆ ಹೊರೆಯೂ ಹಾಗೆಯೇ ಬರುತ್ತದೆ. ಕ್ಯಾಬಿನೆಟ್ಟಿನೊಳಗೆ ಒಂಬತ್ತನೆಯ ದ್ರವ್ಯವೊಂದು ಅವಿತು ಕೂತಿದೆ ಎಂಬುದು ನನ್ನ ಪಕ್ಷವಲ್ಲ. ನಾನು ಹೇಳುವುದು ಅದಕ್ಕಿಂತ ಚಿಕ್ಕ ಮಾತು: ಇಡಿಯದು ಬಿಡಿಗಳನ್ನು ಬಿಟ್ಟು ನಿಲ್ಲಲಾರದು, ಆದರೂ ಅದು ಬರಿಯ ಹೆಸರಲ್ಲ.

ಸಾಕ್ಷ್ಯಕ್ಕೆ ರ‍್ಯಾಮ್ ಕೂರಿಸುವ ಕೆಲಸವನ್ನೇ ಹತ್ತಿರದಿಂದ ನೋಡೋಣ. ಮದರ್‌ಬೋರ್ಡಿನಲ್ಲಿ ಪ್ರೊಸೆಸರಿನ ಪಕ್ಕಕ್ಕೆ ಸಾಮಾನ್ಯವಾಗಿ ನಾಲ್ಕು ಉದ್ದನೆಯ ಸ್ಲಾಟ್‌ಗಳಿರುತ್ತವೆ. ಕೈಯಲ್ಲಿರುವುದು 8 ಜಿಬಿಯ ಎರಡು ರ‍್ಯಾಮ್‌ಗಳು, ಎರಡೂ ಡಿಡಿಆರ್4, 3200ರ ವೇಗದವು ಎಂದಿಟ್ಟುಕೊಳ್ಳಿ. ಹೊಸಬರು ಅವನ್ನು ಒತ್ತೊತ್ತಾಗಿ ಮೊದಲನೆಯ ಮತ್ತು ಎರಡನೆಯ ಸ್ಲಾಟಿಗೆ ಒತ್ತಿಬಿಡುವುದುಂಟು. ಕಂಪ್ಯೂಟರ್ ಶುರುವಾಗುತ್ತದೆ, 16 ಜಿಬಿ ಎಂದು ತೋರಿಸುತ್ತದೆ, ಎಲ್ಲವೂ ಸರಿಯಿರುವಂತೆಯೇ ಕಾಣುತ್ತದೆ. ಆದರೆ ಹೆಚ್ಚಿನ ಬೋರ್ಡುಗಳಲ್ಲಿ ಆ ಎರಡು ಸ್ಲಾಟ್‌ಗಳೂ ಒಂದೇ ಚಾನೆಲ್ಲಿಗೆ, ಅಂದರೆ ಮಾಹಿತಿ ಹರಿಯುವ ಒಂದೇ ದಾರಿಗೆ, ಸೇರಿದವು. ಆಗ ಪ್ರೊಸೆಸರಿಗೂ ರ‍್ಯಾಮಿಗೂ ನಡುವೆ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಹರಿಯಬಲ್ಲದು. ಅವೇ ಎರಡನ್ನು ಕಿತ್ತು ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಟಕ್ಕೆಂದು ಕೂರಿಸಿದರೆ ಎರಡು ಚಾನೆಲ್ ತೆರೆದು ಆ ಮಿತಿ 51.2 ಜಿಬಿಗೆ ಏರುತ್ತದೆ. ಹೊಸದಾಗಿ ಏನನ್ನೂ ಕೊಂಡಿಲ್ಲ, ಯಾವುದನ್ನೂ ತೆಗೆದು ಹಾಕಿಲ್ಲ, ಚೀಟಿಯ ಒಂದು ಸಾಲೂ ಬದಲಾಗಿಲ್ಲ. ಬಿಡಿಭಾಗಗಳ ಪಟ್ಟಿಯೇ ಕಂಪ್ಯೂಟರ್ ಆಗಿದ್ದರೆ ಈ ಎರಡು ಸ್ಥಿತಿಗಳ ನಡುವೆ ಯಾವ ವ್ಯತ್ಯಾಸವೂ ಇರಕೂಡದಿತ್ತು. ಇದೆ, ಅದೂ ಇಮ್ಮಡಿಯ ವ್ಯತ್ಯಾಸ.

ಬೌದ್ಧ ಪಕ್ಷ ಇಷ್ಟಕ್ಕೆ ಸೋಲುವುದಿಲ್ಲ. ನಾಗಸೇನ ಕೇಳದೆ ಬಿಟ್ಟ ಪ್ರಶ್ನೆಯನ್ನು ಏಳನೆಯ ಶತಮಾನದ ಚಂದ್ರಕೀರ್ತಿ ಕೇಳಿದ್ದಾನೆ. ರಥವನ್ನು ಏಳು ಬಗೆಯಲ್ಲಿ ಶೋಧಿಸಿದ ಅವನು, ಜೋಡಣೆಯ ಆಕಾರವನ್ನೂ ಆ ಶೋಧನೆಗೆ ಸೇರಿಸಿಕೊಂಡ. ಜೋಡಿಸುವ ಮುಂಚೆ ಗಾಲಿಗೆ ಯಾವ ಆಕಾರವಿತ್ತೋ ಜೋಡಿಸಿದ ಮೇಲೂ ಅದೇ ಆಕಾರವಿದೆ. ಹೊಸದೇನು ಬಂತು ಎಂಬುದು ಅವನ ತರ್ಕ. ಆದರೆ ರ‍್ಯಾಮಿನ ಉದಾಹರಣೆ ಕೆಲಸಕ್ಕೆ ಬರುವುದು ಇಲ್ಲಿಯೇ. ಹೌದು, ಆ ಎರಡು ರ‍್ಯಾಮ್‌ಗಳು ಯಾವ ಸ್ಲಾಟಿನಲ್ಲಿದ್ದರೂ ಅವೇ. ಒಂದು ಚಿಪ್ಪೂ ಬದಲಾಗಿಲ್ಲ. ಭಾಗ ಬದಲಾಗದೆ ಪರಿಣಾಮ ಬದಲಾಯಿತೆಂದರೆ, ಬದಲಾದದ್ದು ಭಾಗವನ್ನು ಬಿಟ್ಟು ಬೇರೆ ಏನೋ ಇರಬೇಕು. ಆ 'ಏನೋ' ಅನ್ನುವುದನ್ನೇ ನಾನು ಇಡಿ ಎನ್ನುತ್ತಿರುವುದು. ಅದು ಕಲ್ಪನೆಯೆಂದು ತಳ್ಳಿಹಾಕಲು ಬೌದ್ಧ ತಾರ್ಕಿಕರಿಗೇ ಕಷ್ಟ. ಯಾವುದು ನಿಜ ಎಂಬುದಕ್ಕೆ ಅವರಲ್ಲೊಬ್ಬನಾದ ಧರ್ಮಕೀರ್ತಿ ಕೊಟ್ಟ ಒರೆಗಲ್ಲು ಅರ್ಥಕ್ರಿಯೆ, ಅಂದರೆ ಕೆಲಸ ಮಾಡುವ ಸಾಮರ್ಥ್ಯ. ಕೆಲಸ ಮಾಡಬಲ್ಲದ್ದು ನಿಜ, ಮಾಡಲಾರದ್ದು ಬರಿಯ ಕಲ್ಪನೆ. ಈ ಒರೆಗಲ್ಲಿಗೆ ತಿಕ್ಕಿದರೆ ಜೋಡಣೆ ಚಿನ್ನವಾಗಿಯೇ ಹೊಳೆಯುತ್ತದೆ.

ಅದಕ್ಕೆ ಧರ್ಮಕೀರ್ತಿಯ ಕಡೆಯಿಂದ ಬರುವ ಮರುಮಾತು ನನಗೆ ಎಲ್ಲಕ್ಕಿಂತ ಬಲವಾಗಿ ಕಾಣುತ್ತದೆ. ಬಿಡಿಗಳು ಒಂದಕ್ಕೊಂದು ಹತ್ತಿರ ಬಂದಾಗ ಒಂದೊಂದರಲ್ಲೂ ಒಂದು ವಿಶೇಷ ಶಕ್ತಿ ಮೂಡುತ್ತದೆ. ಕೆಲಸ ಮಾಡುವುದು ಆ ಬಿಡಿಗಳೇ ಹೊರತು ಇಡಿಯಲ್ಲ ಎಂಬುದು ಆ ಮಾತು. ಪ್ರೊಸೆಸರಿಗೂ ಬೋರ್ಡಿಗೂ ನಂಟು, ಬೋರ್ಡಿಗೂ ರ‍್ಯಾಮಿಗೂ ನಂಟು. ಇಂಥ ಜೋಡಿ ನಂಟುಗಳನ್ನು ಎಣಿಸಿದರೆ ಸಾಕು, ಇಡಿಯದನ್ನು ಎಳೆತರುವ ಅಗತ್ಯವೇನು? ಜೋಡಿ ನಂಟುಗಳು ಇರುವುದಂತೂ ನಿಜ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಸಂಪರ್ಕಗಳೇ ಇದ್ದರೂ ನಡುವಿನ ಕಚ್ಚು ಬೇರೆ ಕಡೆ ಇರುವುದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ. ಎಎಂಡಿಯ ಎಎಂ4 ಸಾಕೆಟ್ಟಿನ ಪ್ರೊಸೆಸರು 2022ರಲ್ಲಿ ಬಂದ ಎಎಂ5 ಬೋರ್ಡಿಗೆ ಹೊಂದುವುದಿಲ್ಲ. ಆದರೆ ಇಂಥ ಎಲ್ಲ ಜೋಡಿಗಳೂ ಸರಿಯಾಗಿ ಕೂತ ಮೇಲೂ ಕಂಪ್ಯೂಟರ್ ಕೆಟ್ಟದ್ದಾಗಿರಬಹುದು ಎಂಬುದನ್ನು ಮೊದಲ ಸಲ ಆರಿಸುವವರು ಬಹಳ ತಡವಾಗಿ ತಿಳಿಯುತ್ತಾರೆ. ಸೆಕೆಂಡಿಗೆ 140 ಚಿತ್ರ ಬಿಡಿಸಬಲ್ಲ ಗ್ರಾಫಿಕ್ಸ್ ಕಾರ್ಡಿಗೆ 60 ಹರ್ಟ್ಸ್‌ನ ಮಾನಿಟರ್ ಜೋಡಿಸಿದರೆ ಎರಡೂ ಹೊಂದುತ್ತವೆ, ಕೇಬಲ್ ಸಲೀಸಾಗಿ ಕೂರುತ್ತದೆ, ದೋಷದ ಸಂದೇಶ ಬರುವುದಿಲ್ಲ. ಆದರೆ ತೆರೆ ಸೆಕೆಂಡಿಗೆ 60 ಸಲವಷ್ಟೇ ಬದಲಾಗುತ್ತದೆ, ಉಳಿದ ದುಡಿಮೆ ಬಹುಪಾಲು ಕಣ್ಣಿಗೆ ಬೀಳದೆ ಹೋಗುತ್ತದೆ. ಅದು ವ್ಯರ್ಥ ಎಂಬ ತೀರ್ಪನ್ನು ಕಾರ್ಡನ್ನು ನೋಡಿಯೂ ಕೊಡಲಾಗದು, ಮಾನಿಟರನ್ನು ನೋಡಿಯೂ ಕೊಡಲಾಗದು, ಅವೆರಡರ ನಂಟನ್ನು ನೋಡಿಯೂ ಕೊಡಲಾಗದು. ಈ ಕಂಪ್ಯೂಟರ್ ಯಾವ ಕೆಲಸಕ್ಕೆ ಎಂದು ಗೊತ್ತಿದ್ದರೆ ಮಾತ್ರ ಕೊಡಬಹುದು.

'ಒಳ್ಳೆಯ ಬಿಡಿಭಾಗ' ಎಂಬ ಮಾತೇ ಇಲ್ಲಿ ಅಲುಗಾಡತೊಡಗುತ್ತದೆ. 450 ವ್ಯಾಟ್ ಎಳೆಯುವ ಆರ್‌ಟಿಎಕ್ಸ್ 4090 ಕಾರ್ಡು ಒಳ್ಳೆಯದೇ? ಮೂರು ಆಯಾಮದ ಚಿತ್ರ ಕಟ್ಟುವವರಿಗೆ ಹೌದು. ಕನ್ನಡ ಪುಸ್ತಕಗಳ ಪುಟವಿನ್ಯಾಸ ಮಾಡುವವರಿಗೆ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಸಾಕು. ಅವರ ಮೇಜಿನ ಕೆಳಗೆ ಈ ಕಾರ್ಡು ಬರಿಯ ಶಾಖ, ಬರಿಯ ಖರ್ಚು. ಆ ದುಡ್ಡು ಅಕ್ಷರ ಸ್ಪಷ್ಟವಾಗಿ ಕಾಣುವ ದೊಡ್ಡ ಮಾನಿಟರಿಗೆ ಹೋದರೆ ದಿನವಿಡೀ ಒತ್ತು, ದೀರ್ಘ ತಿದ್ದುವ ಕಣ್ಣಿಗೆ ಆರಾಮ ಸಿಗುತ್ತದೆ. ಒಂದೊಂದು ಸಾಲಿನಲ್ಲೂ ಅತ್ಯುತ್ತಮವಾದದ್ದನ್ನೇ ಬರೆಸಿಕೊಂಡ ಚೀಟಿಯಿಂದ ಅತ್ಯುತ್ತಮ ಕಂಪ್ಯೂಟರ್ ಬರುವುದಿಲ್ಲ. ಒಳಿತು ಮೊದಲು ಸೇರಿರುವುದು ಇಡಿಗೆ. ಬಿಡಿಗೆ ಅದು ಸಾಲವಾಗಿ ಬರುತ್ತದೆ. ಬಿಡಿಗಳಲ್ಲಿ ವಿಶೇಷ ಶಕ್ತಿ ಮೂಡುತ್ತದೆ ಎನ್ನುವವರೂ ಆ ಶಕ್ತಿ ಯಾವುದು, ಎಷ್ಟು, ಯಾತಕ್ಕೆ ಎಂದು ಹೇಳಹೊರಟರೆ ಇಡಿಯದರ ಹೆಸರೆತ್ತದೆ ಒಂದು ವಾಕ್ಯ ಮುಗಿಸಲಾರರು. ಮುಂಬಾಗಿಲಲ್ಲಿ ಕಳಿಸಿದ್ದನ್ನು ಹಿತ್ತಲಿನಿಂದ ಕರೆದುಕೊಂಡ ಹಾಗಾಯಿತು ಇದು.

ಉದ್ದೇಶ ಇರುವುದು ಮನುಷ್ಯನ ಮನಸ್ಸಿನಲ್ಲಿ, ವಸ್ತುವಿನಲ್ಲಲ್ಲ. ಆದ್ದರಿಂದ ಇಡಿಯದೂ ಮನಸ್ಸಿನ ಆರೋಪವೇ ಎನ್ನಬಹುದು. ಉದ್ದೇಶ ಮನಸ್ಸಿನಲ್ಲಿ ಹುಟ್ಟುತ್ತದೆ, ನಿಜ. ಅದು ಈಡೇರಿತೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಮನಸ್ಸಲ್ಲ. ಈಚಿನ ಅನೇಕ ಮದರ್‌ಬೋರ್ಡುಗಳ ಅಂಚಿನಲ್ಲಿ ಸಾಸಿವೆಯಷ್ಟು ಚಿಕ್ಕ ನಾಲ್ಕು ದೀಪಗಳಿರುತ್ತವೆ: ಪ್ರೊಸೆಸರಿಗೊಂದು, ರ‍್ಯಾಮಿಗೊಂದು, ಗ್ರಾಫಿಕ್ಸಿಗೊಂದು, ಬೂಟ್‌ಗೊಂದು. ಎಲ್ಲವನ್ನೂ ಜೋಡಿಸಿ ಮೊದಲ ಸಲ ಗುಂಡಿ ಒತ್ತಿದಾಗ ಬೋರ್ಡು ಒಂದೊಂದನ್ನೇ ಪರೀಕ್ಷಿಸುತ್ತದೆ, ದೀಪಗಳು ಒಂದೊಂದಾಗಿ ಹತ್ತಿ ಆರುತ್ತವೆ. ರ‍್ಯಾಮ್ ಒಂದು ಕೂದಲೆಳೆಯಷ್ಟು ಮೇಲೆ ನಿಂತಿದ್ದರೂ ಆ ದೀಪ ಆರದೆ ಅಲ್ಲಿಯೇ ನಿಲ್ಲುತ್ತದೆ, ತೆರೆ ಕಪ್ಪಾಗಿಯೇ ಉಳಿಯುತ್ತದೆ. ಎಂಟೂ ವಸ್ತುಗಳು ಇವೆ, ಒಟ್ಟಿಗೇ ಇವೆ, ನಾವು ಅದನ್ನು ಕಂಪ್ಯೂಟರ್ ಎಂದು ಕರೆಯಲು ಸಿದ್ಧರೂ ಇದ್ದೇವೆ. ಆದರೂ ಕಂಪ್ಯೂಟರ್ ಇನ್ನೂ ಆಗಿಲ್ಲ. ಅದು ಬರಿಯ ಹೆಸರಾಗಿದ್ದರೆ ನಾವು ಹೆಸರಿಟ್ಟ ಗಳಿಗೆಯಲ್ಲೇ ಬರಬೇಕಿತ್ತು. ನಾವು ಕರೆದರೂ ಬಾರದೆ, ಸರಿಯಾಗಿ ಜೋಡಿಸಿದಾಗ ಮಾತ್ರ ಬರುವುದಕ್ಕೆ ತನ್ನದೇ ಆದ ಒಂದು ಇರವು ಉಂಟೆಂದು ಒಪ್ಪದೆ ವಿಧಿಯಿಲ್ಲ.

ಭಾಗಗಳನ್ನು ಬದಲಿಸುತ್ತಾ ಹೋದರೆ ಹಳೆಯ ಕಂಪ್ಯೂಟರ್ ಯಾವಾಗ ಇಲ್ಲವಾಯಿತು ಎಂಬ ಪ್ರಶ್ನೆ ಇನ್ನೊಂದು. ರ‍್ಯಾಮ್ ಬದಲಿಸಿದರೆ ಯಾರೂ ಹೊಸ ಕಂಪ್ಯೂಟರ್ ಎನ್ನುವುದಿಲ್ಲ. ಮದರ್‌ಬೋರ್ಡ್ ಬದಲಿಸಿದರೆ ವಿಂಡೋಸ್ ತನ್ನ ಪರವಾನಗಿಯನ್ನು ಮತ್ತೆ ಕೇಳುವುದುಂಟು. ಗೆರೆ ಎಳೆಯುವುದು ಲೋಕವ್ಯವಹಾರ, ಅದು ಅತ್ತಿತ್ತ ಸರಿಯಬಹುದು. ಕೂಡಲಿಯಲ್ಲಿ ತುಂಗೆ ಎಲ್ಲಿ ಮುಗಿದು ತುಂಗಭದ್ರೆ ಎಲ್ಲಿ ಶುರುವಾಯಿತೆಂದು ನೀರಿನ ಮೇಲೆ ಗೆರೆ ಎಳೆಯಲಾಗದು. ಹಾಗೆಂದು ತುಂಗಭದ್ರೆಯೇ ಇಲ್ಲ ಎನ್ನುವವರನ್ನು ನಾವು ಕಂಡಿಲ್ಲ.

ನಾಗಸೇನನಿಗೆ ರಥದ ಬಗ್ಗೆ ಆಸ್ಥೆ ಇರಲಿಲ್ಲ ಎಂಬುದನ್ನು ಮರೆಯಕೂಡದು. ಅವನು ಬಿಡಿಸಲು ಹೊರಟದ್ದು 'ನಾನು' ಎಂಬ ಹಿಡಿತವನ್ನು, ಅದರಿಂದ ಹುಟ್ಟುವ ದುಃಖವನ್ನು. ಆ ಗುರಿಗೆ ನಾನು ತಲೆಬಾಗುತ್ತೇನೆ. ಆದರೆ ಅವನ ತರ್ಕದಲ್ಲಿ ಒಂದು ಜಿಗಿತವಿದೆ: 'ಬೇರೆಯದನ್ನು ಆಶ್ರಯಿಸಿದೆ' ಎಂಬಲ್ಲಿಂದ 'ಆದ್ದರಿಂದ ಹೆಸರು ಮಾತ್ರ' ಎಂಬಲ್ಲಿಗೆ. ಈ ಎರಡರ ನಡುವಿನ ಕಂದಕವನ್ನು ಸ್ಪಷ್ಟವಾಗಿ ತೋರಿಸಿದವರು ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ, ಹದಿಮೂರನೆಯ ಶತಮಾನದ ಮಧ್ವಾಚಾರ್ಯರು. ತಮ್ಮ ತತ್ತ್ವಸಂಖ್ಯಾನದಲ್ಲಿ ಅವರು ಇರುವುದನ್ನೆಲ್ಲ ಮೊದಲು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸುತ್ತಾರೆ. ಸ್ವತಂತ್ರನು ವಿಷ್ಣು ಒಬ್ಬನೇ. ಜೀವರು, ಜಡ ಜಗತ್ತು ಎಲ್ಲವೂ ಅಧೀನ. ಆದರೆ ಅಧೀನವಾದದ್ದು ಮಿಥ್ಯೆಯಲ್ಲ, ಅದೂ ಸತ್ಯವೇ. ಅವರು ಹೇಳಿದ್ದು ಭಗವಂತನಿಗೆ ಅಧೀನ ಎಂಬ ಅರ್ಥದಲ್ಲಿ; ಬಿಡಿಭಾಗಗಳಿಗೆ ಅಧೀನವಾದ ಇಡಿಗೆ ಅದನ್ನು ಹೊಂದಿಸುತ್ತಿರುವುದು ನಾನು. ಆದರೂ ಪರಾಧೀನತೆ ಬೇರೆ, ಅಸತ್ಯ ಬೇರೆ ಎಂಬ ಆ ವಿವೇಕ ಇಲ್ಲಿಗೂ ಸಲ್ಲುತ್ತದೆ. ಅಷ್ಟನ್ನು ಹಿಡಿದುಕೊಂಡರೆ ನಾಗಸೇನನ ಗುರಿಗೂ ಧಕ್ಕೆಯಿಲ್ಲ. ಅಹಂಕಾರ ಹುಟ್ಟುವುದು ನಾನು ಇದ್ದೇನೆ ಎಂಬುದರಿಂದಲ್ಲ, ನಾನು ಯಾರ ಹಂಗೂ ಇಲ್ಲದೆ ಇದ್ದೇನೆ ಎಂಬುದರಿಂದ. ಅನ್ನ, ಉಸಿರು, ಹೆತ್ತವರು, ಕಲಿಸಿದವರು, ಆಡುವ ಭಾಷೆ ಇವೆಲ್ಲ ಕೂಡಿ ಆದವನು ಮನುಷ್ಯ. ಅವುಗಳಲ್ಲಿ ಯಾವುದೂ ಅವನಲ್ಲ, ಅವನ್ನು ಬಿಟ್ಟೂ ಅವನಿಲ್ಲ. ಆದರೂ ಅವನಿಗೆ ನೋವಾದರೆ ನೋವು ಯಾರಿಗೋ ಆಗಿರುತ್ತದೆ, ಅವನು ಕೊಟ್ಟ ಮಾತಿಗೆ ಹೊಣೆ ಯಾರೋ ಇರುತ್ತಾರೆ. ಕರುಣೆಗೂ ಹೊಣೆಗಾರಿಕೆಗೂ ಅಷ್ಟು ನೆಲ ಬೇಕು.

ಮೊದಲ ಕಂಪ್ಯೂಟರ್ ಜೋಡಿಸಿಕೊಳ್ಳಲು ಹೊರಟಿರುವವರಲ್ಲಿ ನನ್ನದೊಂದು ಕೋರಿಕೆ. ಚೀಟಿಯ ಮೊದಲ ಸಾಲಿನಲ್ಲಿ ಪ್ರೊಸೆಸರಿನ ಹೆಸರು ಬರೆಸಬೇಡಿ. ಅದರ ಮೇಲೆ ಒಂದು ಸಾಲು ಬಿಡಿಸಿ, ಈ ಯಂತ್ರ ದಿನಕ್ಕೆ ಎಷ್ಟು ಹೊತ್ತು ಯಾವ ಕೆಲಸ ಮಾಡಬೇಕೆಂದು ನೀವೇ ಬರೆಯಿರಿ. ಆ ಸಾಲಿಗೆ ಬೆಲೆಯಿರುವುದಿಲ್ಲ. ಕೆಳಗಿನ ಎಂಟು ಸಾಲನ್ನೂ ಅದನ್ನು ನೋಡಿಕೊಂಡೇ ಒಪ್ಪಿ ಇಲ್ಲವೇ ಹೊಡೆದುಹಾಕಿ. ಮನೆಗೆ ತಂದ ಮೇಲೆ ಬೋರ್ಡಿನ ಪುಸ್ತಿಕೆ ತೆರೆದು ನೋಡಿ ರ‍್ಯಾಮ್ ಕೂರಿಸಿ. ನಾಲ್ಕು ಸ್ಲಾಟಿನ ಬೋರ್ಡಾದರೆ ಹೆಚ್ಚಾಗಿ ಅದು ಎರಡನೆಯದು ಮತ್ತು ನಾಲ್ಕನೆಯದು.