ಕಾಲು ನಡುಗಿದವರು, ಎದ್ದು ನಿಲ್ಲದವರು

ಮುಂಬಯಿಯ ಸರ್ ಕಾವಸ್‌ಜಿ ಜಹಾಂಗೀರ್ ಸಂಸ್ಥೆಯ ಸಭಾಂಗಣದಲ್ಲಿ 1896ರಲ್ಲಿ ಒಂದು ಸಭೆ ಸೇರಿತ್ತು. ಕಾಲಿಡಲು ಜಾಗವಿಲ್ಲದಷ್ಟು ಜನ. ಅಧ್ಯಕ್ಷರು ಸರ್ ಫಿರೋಜ್‌ಶಾ ಮೆಹ್ತಾ. ಮಾತಾಡಬೇಕಾಗಿದ್ದವರು ದಕ್ಷಿಣ ಆಫ್ರಿಕಾದಿಂದ ಬಂದಿದ್ದ 26 ವರ್ಷದ ವಕೀಲ ಮೋಹನದಾಸ ಗಾಂಧಿ. ಮೆಹ್ತಾ ಅವರ ಸಲಹೆಯಂತೆ ಭಾಷಣವನ್ನು ಮೊದಲೇ ಬರೆದು ಅಚ್ಚು ಹಾಕಿಸಿ ತಂದಿದ್ದರು. ಓದಲು ಎದ್ದರು, ಮೈ ನಡುಗತೊಡಗಿತು. ಇನ್ನೂ ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ ಎಂದು ಮೆಹ್ತಾ ಹುರಿದುಂಬಿಸಿದಷ್ಟೂ ದನಿ ಒಳಕ್ಕೆ ಇಳಿಯಿತು. ಗೆಳೆಯ ಕೇಶವರಾವ್ ದೇಶಪಾಂಡೆ ಕಾಗದ ಇಸಿದುಕೊಂಡು ಓದಲು ನಿಂತರೆ ಜನ ಒಪ್ಪಲಿಲ್ಲ. ‘ವಾಚಾ, ವಾಚಾ’ ಎಂದು ಕೂಗಿದರು. ಕೊನೆಗೆ ದಿನ್‌ಶಾ ವಾಚಾ ಎದ್ದು ಓದಿದರು. ಸಭೆ ಗಪ್‌ಚಿಪ್ಪಾಗಿ ಕೇಳಿತು, ತಟ್ಟಬೇಕಾದಲ್ಲಿ ಚಪ್ಪಾಳೆ ತಟ್ಟಿತು.

ಇದನ್ನೆಲ್ಲ ಬರೆದಿಟ್ಟವರು ಸ್ವತಃ ಗಾಂಧಿ, ತಮ್ಮ ಆತ್ಮಕಥೆಯಲ್ಲಿ. ಇಂಥ ಪ್ರಸಂಗಗಳು ಅಲ್ಲಿ ಇನ್ನೂ ಇವೆ. ಇಂಗ್ಲೆಂಡಿನ ವೆಂಟ್ನರ್ ಊರಿನಲ್ಲಿ ಸಸ್ಯಾಹಾರಿಗಳ ಸಭೆಗೆಂದು ಒಂದು ಹಾಳೆಯಷ್ಟು ಬರೆದುಕೊಂಡು ಹೋಗಿ, ಕಣ್ಣು ಮಂಜಾಗಿ ಓದಲಾರದೆ ಹೋದದ್ದು. 1891ರಲ್ಲಿ ಲಂಡನ್ ಬಿಡುವ ಮುನ್ನ ತಾವೇ ಏರ್ಪಡಿಸಿದ ಔತಣದಲ್ಲಿ ಒಂದು ವಾಕ್ಯ ಮುಗಿಸಿ ಎರಡನೆಯದು ನೆನಪಾಗದೆ, ಬಂದವರಿಗೆ ಧನ್ಯವಾದ ಹೇಳಿ ಕುಳಿತದ್ದು. ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ 30 ರೂಪಾಯಿ ಶುಲ್ಕ ಪಡೆದ ಮೊದಲ ಮೊಕದ್ದಮೆಯಲ್ಲಿ ಸಾಕ್ಷಿಯನ್ನು ಪ್ರಶ್ನಿಸಲು ಎದ್ದು, ತಲೆ ಸುತ್ತಿ, ಒಂದೂ ಪ್ರಶ್ನೆ ಹೊಳೆಯದೆ, ಬೇರೆ ವಕೀಲರನ್ನು ನೋಡಿಕೊಳ್ಳಿ ಎಂದು ಹೇಳಿ ಹೊರಬಿದ್ದದ್ದು.

ಭಾಷಣಕಲೆ ಕಲಿಸುವವರಿಗೆ ಈ ಕಥೆ ಬಲು ಇಷ್ಟ. ಅಂಜುಬುರುಕ ಹುಡುಗನೊಬ್ಬ ಭಯ ಗೆದ್ದು ದೇಶವನ್ನೇ ಎಬ್ಬಿಸಿದ, ನೀವೂ ಗೆಲ್ಲಬಹುದು ಎಂದು ಅವರು ಮುಗಿಸುತ್ತಾರೆ. ಆದರೆ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಕಥೆ ಅಷ್ಟು ನೇರವಾಗಿಲ್ಲ. ಮುಂಬಯಿಯಲ್ಲಿ ದನಿ ಅಡಗಿದ್ದು 1896ರಲ್ಲಿ. ಅದಕ್ಕೂ ಮೂರು ವರ್ಷ ಮೊದಲೇ, 1893ರಲ್ಲಿ, ಪ್ರಿಟೋರಿಯಾದಲ್ಲಿ ಅವರು ಚೆನ್ನಾಗಿ ಮಾತಾಡಿದ್ದರು. ಅದನ್ನು ತಮ್ಮ ಬದುಕಿನ ಮೊದಲ ಸಾರ್ವಜನಿಕ ಭಾಷಣ ಎಂದೇ ಕರೆದುಕೊಂಡಿದ್ದಾರೆ. 1901ರ ಕಲ್ಕತ್ತ ಕಾಂಗ್ರೆಸ್ಸಿನಲ್ಲಿ ಮತ್ತೆ ನಡುಕ. ಅಲ್ಲಿ ಅಧ್ಯಕ್ಷ ಪೀಠದಲ್ಲಿದ್ದವರು ಅದೇ ವಾಚಾ. ಇನ್ನು ಎರಡು ನಿಮಿಷವಿದೆ ಎಂಬ ಎಚ್ಚರಿಕೆಗೆ ಅವರು ಗಂಟೆ ಬಾರಿಸಿದರೆ, ಮುಗಿಸು ಎಂದರೆಂದು ತಿಳಿದು ಗಾಂಧಿ ಕುಳಿತುಬಿಟ್ಟರು. ಭಯ ಒಮ್ಮೆ ಬಿಟ್ಟು ಹೋದದ್ದು ಮತ್ತೆ ಬಂದಿದೆ, ಮತ್ತೆ ಹೋಗಿದೆ. ಹಾಗಾದರೆ ಅದು ಗೆಲ್ಲುವ ವಸ್ತುವೇ? ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂದು ಕೇಳುವುದೇ ಹೆಚ್ಚು ಉಪಯೋಗದ್ದೆಂದು ನನಗೆ ತೋರುತ್ತದೆ.

ಪ್ರಿಟೋರಿಯಾದ ಸಭೆ ನಡೆದದ್ದು ಹಾಜಿ ಮಹಮ್ಮದ್ ಹಾಜಿ ಜೂಸಬ್ ಎಂಬ ವರ್ತಕರ ಮನೆಯಲ್ಲಿ. ಸೇರಿದವರು ಹೆಚ್ಚಾಗಿ ಮೇಮನ್ ವ್ಯಾಪಾರಿಗಳು, ನಡುವೆ ಕೆಲವು ಹಿಂದೂಗಳು. ವ್ಯಾಪಾರದಲ್ಲಿ ಸತ್ಯ ನಡೆಯುವುದಿಲ್ಲ ಎಂದು ನಂಬಿದ್ದ ಜನರಿಗೆ ಗಾಂಧಿ ಹೇಳಿದ್ದು ವ್ಯಾಪಾರದಲ್ಲಿ ಸತ್ಯವಾಗಿರಬೇಕೆಂದು. ಸುಲಭದ ವಿಷಯವಲ್ಲ, ಹೊಗಳಿಕೆ ತರುವ ವಿಷಯವಂತೂ ಅಲ್ಲವೇ ಅಲ್ಲ. ಅಲ್ಲಿಗೇ ನಿಲ್ಲದೆ ನೈರ್ಮಲ್ಯದ ಮಾತೆತ್ತಿದರು, ಒಂದು ಸಂಘ ಕಟ್ಟೋಣ ಎಂದರು, ಇಂಗ್ಲಿಷ್ ಕಲಿಯುವವರಿದ್ದರೆ ಕಲಿಸುತ್ತೇನೆ ಎಂದರು. ಮೂವರು ಮುಂದೆ ಬಂದರು: ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಸಣ್ಣ ಅಂಗಡಿಕಾರ. ಆ ಮಾತಿಗೆ ಮುಂದೆ ಮಾಡುವ ಕೆಲಸವಿತ್ತು. ಕೇಳುತ್ತ ಕುಳಿತವರು ನಾಳೆ ಎದುರಾಗುವ ಜನ. ಮಾತು ಅವರಿಗೆ ಬೇಕಾಗಿತ್ತು. ಮುಂಬಯಿಯಲ್ಲೂ ವಿಷಯ ದೊಡ್ಡದೇ, ದಕ್ಷಿಣ ಆಫ್ರಿಕಾದ ಭಾರತೀಯರ ಗೋಳೇ. ಆದರೆ ಕೈಯಲ್ಲಿ ಅಚ್ಚಾದ ಹಾಳೆ, ಪಕ್ಕದಲ್ಲಿ ಆ ಕಾಲದ ಮಹಾ ವಾಗ್ಮಿ, ಎದುರಿಗೆ ಒಳ್ಳೆಯ ಭಾಷಣ ಯಾವುದು ಕೆಟ್ಟದ್ದು ಯಾವುದು ಎಂದು ಬಲ್ಲ ಸಭಿಕರು. ಒಂದು ಕಡೆ ಮಾತು ಕೊಡುವುದಕ್ಕಿತ್ತು, ಇನ್ನೊಂದು ಕಡೆ ಪರೀಕ್ಷೆಗಿತ್ತು. ವಿಷಯ ದೊಡ್ಡದಾದರೆ ಭಯ ತಾನಾಗಿ ಹೋಗುತ್ತದೆ ಎಂದು ಹಲವರು ಹೇಳುತ್ತಾರೆ. ಮುಂಬಯಿಯ ಸಭೆ ಅದನ್ನು ಸುಳ್ಳಾಗಿಸುತ್ತದೆ. ಎದುರಿಗೆ ಕುಳಿತವರು ನನಗೆ ಏನಾಗಬೇಕು, ನಾನು ಅವರಿಗೆ ಏನಾಗಬೇಕು ಎಂಬುದರಲ್ಲಿ ಭಯದ ಬೇರಿದೆ.

ಬಾಯಿ ಒಣಗುವುದು, ಮೈ ನಡುಗುವುದು, ರೋಮ ನಿಮಿರುವುದು, ಚರ್ಮ ಉರಿಯುವುದು, ನಿಲ್ಲಲಾರದಾಗುವುದು, ಮನಸ್ಸು ಗಿರ್ರನೆ ಸುತ್ತುವುದು. ಭಗವದ್ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನ ಹೇಳಿಕೊಳ್ಳುವ ಲಕ್ಷಣಗಳಿವು. ವೇದಿಕೆ ಹತ್ತುವ ಮೊದಲು ಬೆವರಿದ ಯಾರಿಗೂ ಇವು ಹೊಸವಲ್ಲ. ಬಾಣಗಳಿಗೆ ಹೆದರುವವನಲ್ಲ ಅರ್ಜುನ. ಎದುರಿಗೆ ನಿಂತ ತನ್ನವರ ಮುಖಗಳನ್ನು ಕಂಡಾಗ ಅವನ ಕೈಯಿಂದ ಗಾಂಡೀವ ಜಾರುತ್ತದೆ. ಅಪಾಯ ಕಂಡ ದೇಹ ಅಡ್ರಿನಾಲಿನ್ ಸುರಿಸುತ್ತದೆ, ಎದೆ ಬಡಿತ ಏರುತ್ತದೆ, ಜೊಲ್ಲು ಕಡಿಮೆಯಾಗುತ್ತದೆ. ಓಡಲೋ ಹೊಡೆದಾಡಲೋ ದೇಹ ಅಣಿಯಾಗುವ ಪರಿ ಅದು. ಎದುರಿಗೆ ಇರುವುದು ಹುಲಿಯೋ ನೂರು ಜೊತೆ ಕಣ್ಣುಗಳೋ ಎಂದು ದೇಹ ವಿಚಾರಿಸುವುದಿಲ್ಲ. ಕಣ್ಣುಗಳು ಕಚ್ಚುವುದಿಲ್ಲ ನಿಜ. ಆದರೆ ಅವು ನನ್ನ ಬಗ್ಗೆ ಒಂದು ತೀರ್ಮಾನಕ್ಕೆ ಬರಬಲ್ಲವು, ಆ ತೀರ್ಮಾನ ನನ್ನ ಕೈಮೀರಿದ್ದು. ನಾನು ಯಾರೆಂದು ನಾನೇ ಕಟ್ಟಿಕೊಂಡ ಕಥೆಯನ್ನು ಅವರು ಒಂದು ಆಕಳಿಕೆಯಲ್ಲಿ ಅಳಿಸಿಬಿಡಬಹುದು.

ಇಲ್ಲೊಂದು ಸಮಾಧಾನದ ಸಂಗತಿ ಹೇಳಲೇಬೇಕು. ಕೆನೆತ್ ಸಾವಿಟ್ಸ್ಕಿ, ಥಾಮಸ್ ಗಿಲೊವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣ ಮಾಡುವವರು ತಮ್ಮ ಅಳುಕು ಕೇಳುಗರಿಗೆ ಎಷ್ಟು ಕಾಣುತ್ತದೆಂದು ಭಾವಿಸುತ್ತಾರೋ ಅಷ್ಟು ಕಾಣುವುದಿಲ್ಲ ಎಂದು ಕಂಡುಬಂತು. ಈ ಮಾತನ್ನು ಮೊದಲೇ ತಿಳಿಸಿದಾಗ ಅವರು ಇನ್ನೂ ಚೆನ್ನಾಗಿ ಮಾತಾಡಿದರು. ನಮ್ಮ ಎದೆಯ ಡವಡವ ನಮ್ಮ ಕಿವಿಗಷ್ಟೇ ಅಷ್ಟು ಜೋರು.

ನಮ್ಮ ಶಾಲೆಗಳಲ್ಲಿ ಮಗುವಿಗೆ ಸಭೆಯ ಪರಿಚಯವಾಗುವುದು ಹೇಗೆ? ಭಾಷಣ ಸ್ಪರ್ಧೆಯಿಂದ. ಮೇಷ್ಟ್ರೋ ಅಪ್ಪನೋ ಬರೆದುಕೊಟ್ಟ ಎರಡು ಪುಟ, ವಾರಗಟ್ಟಲೆ ಬಾಯಿಪಾಠ. ಮಾನ್ಯ ಅಧ್ಯಕ್ಷರೇ, ನೆಚ್ಚಿನ ಗುರುವೃಂದದವರೇ, ನನ್ನ ಪ್ರೀತಿಯ ಸಹಪಾಠಿಗಳೇ ಎಂದು ಮೊದಲಾಗಿ, ಎರಡು ಮಾತನಾಡಲು ಅವಕಾಶ ಕೊಟ್ಟಿದ್ದಕ್ಕೆ ವಂದನೆಯೊಂದಿಗೆ ಮುಗಿಯುತ್ತದೆ. ಮುಂದಿನ ಸಾಲಿನಲ್ಲಿ ಮೂವರು ತೀರ್ಪುಗಾರರು ಅಂಕಪಟ್ಟಿ ಹಿಡಿದು ಕುಳಿತಿರುತ್ತಾರೆ. ಮಧ್ಯದಲ್ಲಿ ಒಂದು ಸಾಲು ಮರೆತರೆ ಮುಗಿಯಿತು. ಆ ಸಾಲಿನ ಅರ್ಥ ಮಗುವಿನದಾಗಿದ್ದರಲ್ಲವೆ ಬೇರೆ ಮಾತಿನಲ್ಲಿ ಹೇಳುವುದು? ಕೇಳುವವರೆಂದರೆ ಅಂಕ ಹಾಕುವವರು ಎಂಬ ಪಾಠ ಹತ್ತನೆಯ ವಯಸ್ಸಿಗೇ ಮನಸ್ಸಿಗೆ ಇಳಿದುಬಿಡುತ್ತದೆ. ಮುಂದೆ ಕಾಲೇಜಿನ ಸೆಮಿನಾರ್, ಕೆಲಸದ ಸಂದರ್ಶನ, ಕಂಪನಿಯ ಮೀಟಿಂಗ್, ಅದೂ ಇಂಗ್ಲಿಷಿನಲ್ಲಾದರಂತೂ, ಎಲ್ಲೆಲ್ಲೂ ಆ ಮೂವರು ಮುಂದಿನ ಸಾಲಿನಲ್ಲೇ ಕುಳಿತಿರುತ್ತಾರೆ. ಸ್ಪರ್ಧೆಗಳು ಬೇಡವೆನ್ನುವಷ್ಟು ದೂರ ನಾನು ಹೋಗಲಾರೆ. ಆದರೆ ಮಾತಿನ ಮೊದಲ ಅನುಭವವೇ ಸ್ಪರ್ಧೆಯಾಗಬಾರದು ಎಂದು ಗಟ್ಟಿಯಾಗಿ ಅನ್ನಿಸುತ್ತದೆ.

ಕರಾವಳಿಯ ತಾಳಮದ್ದಳೆಯನ್ನು ನೋಡಿ. ವೇಷವಿಲ್ಲ, ಕುಣಿತವಿಲ್ಲ, ಬರೆದ ಸಂಭಾಷಣೆಯಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿ ಕುಳಿತಲ್ಲೇ ಆ ಪದ್ಯವನ್ನು ಹಿಡಿದು ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲಿ ಪಾತ್ರವಾಗುತ್ತಾನೆ. ಮಾತಿಗೆ ಇದಕ್ಕಿಂತ ಕಠಿಣವಾದ ಕಣವನ್ನು ನಾನು ಕಾಣೆ. ಶೇಣಿ ಗೋಪಾಲಕೃಷ್ಣ ಭಟ್ಟರು, ದೇರಾಜೆ ಸೀತಾರಾಮಯ್ಯನವರು, ಮಲ್ಪೆ ರಾಮದಾಸ ಸಾಮಗರು ಅಲ್ಲಿ ಬೆಳೆದು ನಿಂತವರು. ಅವರ ಹಿಂದೆಯೂ ಸುತ್ತಲೂ ಹೆಸರು ಹೊರಗೆ ಬಾರದ ನೂರಾರು ಹವ್ಯಾಸಿಗಳಿದ್ದಾರೆ. ಕೃಷಿಕರು, ಮೇಷ್ಟ್ರುಗಳು, ಅಂಗಡಿಯವರು. ಯಾವ ತರಬೇತಿ ಶಿಬಿರಕ್ಕೂ ಹೋಗದೆ ಇವರು ರಾತ್ರಿಯಿಡೀ ಮಾತಾಡಲು ಹೇಗೆ ಕಲಿತರು?

ಮೊದಲು ಕೇಳಿ ಕಲಿತರು. ಆಮೇಲೆ ದೂತನದ್ದೋ ಚಾರಕನದ್ದೋ ಚಿಕ್ಕ ಅರ್ಥ. ಇದಕ್ಕಿಂತ ಮುಖ್ಯವಾದದ್ದು ಆ ಕಲೆಯ ಕಟ್ಟಿನಲ್ಲೇ ಇದೆ. ಅರ್ಥಧಾರಿ ಮಾತಾಡುವುದು ಸಭಿಕರಿಗಲ್ಲ, ಎದುರು ಕುಳಿತ ಇನ್ನೊಬ್ಬ ಅರ್ಥಧಾರಿಗೆ. ವಾಲಿ ಕೇಳುವುದು ರಾಮನನ್ನು, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂದು. ರಾಮ ಉತ್ತರಿಸಬೇಕು, ಆ ಉತ್ತರದಲ್ಲೇ ವಾಲಿಗೆ ಮುಂದಿನ ಪ್ರಶ್ನೆ ಹುಟ್ಟುತ್ತದೆ. ನೂರು ಜನ ಸುತ್ತ ಕುಳಿತು ಕೇಳುತ್ತಿದ್ದಾರೆ, ಆದರೆ ಮಾತು ಹರಿಯುವುದು ಇಬ್ಬರ ನಡುವೆ. ಹೊಸಬ ತಡವರಿಸಿದರೆ ಎದುರಿನ ಹಿರಿಯ ಒಂದು ಪ್ರಶ್ನೆ ಎಸೆದು ದಾರಿ ತೆರೆದುಕೊಡಬಹುದು. ಜೊತೆಗೆ, ಅವನು ‘ನಾನು’ ಎನ್ನುವಾಗ ಆ ನಾನು ಅವನಲ್ಲ, ವಾಲಿ. ತನ್ನ ಬಗ್ಗೆ ಯೋಚಿಸಲು ಅವನಿಗೆ ಬಿಡುವೇ ಇಲ್ಲ. ಸೋಲುವ ಪಕ್ಷವನ್ನೂ ಪೂರ್ಣ ಶಕ್ತಿಯಿಂದ ವಾದಿಸುವ ಹೊಣೆ ಅವನ ಮೇಲಿದೆ. ಪ್ರಿಟೋರಿಯಾದ ಮನೆಯಲ್ಲಿ ಗಾಂಧಿಗೆ ಒದಗಿದ್ದೂ ಇಂಥದ್ದೇ ಏನೋ: ಮಾತು ಯಾರಿಗೋ ಕೊಡಬೇಕಾದ ಉತ್ತರವಾಗಿತ್ತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮಾತು ಬಲ್ಲವರ ಬಗ್ಗೆ ಒಂದು ಪ್ರಶ್ನೆ ಉಳಿದುಬಿಡುತ್ತದೆ, ಅದು ನನ್ನನ್ನು ಬಹಳ ಕಾಡಿದೆ. ಹಸ್ತಿನಾವತಿಯ ಸಭೆಯಲ್ಲಿ ದ್ರೌಪದಿ ಕೇಳಿದಳು, ತನ್ನನ್ನೇ ಸೋತವನು ನನ್ನನ್ನು ಪಣಕ್ಕಿಡುವುದು ಹೇಗೆ ಎಂದು. ಅಲ್ಲಿದ್ದವರಲ್ಲಿ ಯಾರಿಗೆ ಮಾತು ಬರುತ್ತಿರಲಿಲ್ಲ? ಭೀಷ್ಮನಿಗೆ ಧರ್ಮಶಾಸ್ತ್ರವೆಲ್ಲ ಗೊತ್ತು; ಮುಂದೆ ಬಾಣಗಳ ಮೇಲೆ ಮಲಗಿ ದಿನಗಟ್ಟಲೆ ಧರ್ಮ ಹೇಳಿದವನು ಅವನು. ಆ ದಿನ ಅವನು ಧರ್ಮ ಸೂಕ್ಷ್ಮವಾದದ್ದು ಎಂದು ನುಣುಚಿಕೊಂಡ. ದ್ರೋಣ ಸುಮ್ಮನಿದ್ದ, ಕೃಪ ಸುಮ್ಮನಿದ್ದ. ಎದ್ದು ಅನ್ಯಾಯವನ್ನು ಅನ್ಯಾಯವೆಂದವನು ಧೃತರಾಷ್ಟ್ರನ ಮಗ ವಿಕರ್ಣ, ಇನ್ನೂ ಹುಡುಗ. ನಿನಗೇನು ತಿಳಿಯುತ್ತದೆ ಎಂದು ಕರ್ಣ ಅವನನ್ನು ಗದರಿಸಿ ಕೂರಿಸಿದ. ವಿಕರ್ಣನ ಕಾಲು ಆಗ ನಡುಗಿತೋ ಇಲ್ಲವೋ, ಕಥೆ ಹೇಳುವುದಿಲ್ಲ. ನಡುಗಿದ್ದರೆ ಅವನ ಮಾತಿಗೆ ಏನು ಕುಂದು? ಭೀಷ್ಮನ ಕಾಲು ನಡುಗಲಿಲ್ಲವಾದರೆ ಅದರಿಂದ ಯಾರಿಗೆ ಏನು ಬಂತು?

ಸಭೆಯ ಭಯದಲ್ಲಿ ಎರಡಿವೆ ಎಂದು ನನಗೆ ಹೊಳೆದದ್ದು ಇಲ್ಲಿ. ಒಂದು ಮೈಯದು, ಅದು ಎಲ್ಲರಿಗೂ ಕಾಣುತ್ತದೆ ಎಂದು ನಾವು ನಾಚುತ್ತೇವೆ. ಇನ್ನೊಂದು ಯಾರಿಗೂ ಕಾಣುವುದಿಲ್ಲ. ಕುರ್ಚಿ, ಉಪ್ಪಿನ ಋಣ, ಬಳಗ, ನಾಳೆಯ ಬಡ್ತಿ ಇವುಗಳನ್ನೆಲ್ಲ ಲೆಕ್ಕ ಹಾಕಿ ಗಂಭೀರವಾಗಿ ಮೌನವಾಗಿರುವುದು. ಅದಕ್ಕೆ ವಿವೇಕವೆಂಬ ಹೆಸರೂ ಬರುತ್ತದೆ. ಮೊದಲನೆಯದಕ್ಕೆ ಚಿಕಿತ್ಸೆ ಹೇಳುವ ಪುಸ್ತಕಗಳಿಗೆ ಲೆಕ್ಕವಿಲ್ಲ. ಎರಡನೆಯದನ್ನು ಯಾರೂ ರೋಗವೆಂದೇ ಎಣಿಸಿಲ್ಲ.

ಈ ಬೆಳಕಿನಲ್ಲಿ ಲಂಡನ್ನಿನ ಇನ್ನೊಂದು ಪ್ರಸಂಗವನ್ನು ಓದಬೇಕು. ಗಾಂಧಿ ಅಲ್ಲಿಯ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಯಲ್ಲಿದ್ದರು. ಸಂತಾನ ನಿಯಂತ್ರಣವನ್ನು ಬಹಿರಂಗವಾಗಿ ಪ್ರಚಾರ ಮಾಡುತ್ತಿದ್ದ ಡಾ. ಆಲಿನ್ಸನ್ ಎಂಬ ವೈದ್ಯರನ್ನು ಸಂಘದಿಂದ ಹೊರಹಾಕಬೇಕೆಂದು ಅಧ್ಯಕ್ಷ ಹಿಲ್ಸ್ ಹೊರಟರು. ಹಿಲ್ಸ್ ದೊಡ್ಡ ಹಡಗು ಕಾರ್ಖಾನೆಯ ಒಡೆಯ, ಸಂಘಕ್ಕೆ ಹಣದ ಆಸರೆ, ಗಾಂಧಿಗೆ ಅವರಲ್ಲಿ ಬಹಳ ಗೌರವ. ಆಲಿನ್ಸನ್ನರ ಆ ಅಭಿಪ್ರಾಯವನ್ನು ಗಾಂಧಿಯೂ ಒಪ್ಪುತ್ತಿರಲಿಲ್ಲ. ಆದರೂ ಸಸ್ಯಾಹಾರದ ಸಂಘದಿಂದ ಒಬ್ಬ ಸಸ್ಯಾಹಾರಿಯನ್ನು ಬೇರೆ ಕಾರಣಕ್ಕೆ ಹೊರಹಾಕುವುದು ತಪ್ಪು ಎಂದು ಅವರಿಗೆ ಕಂಡಿತು. ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಪರದೇಶದ ವಿದ್ಯಾರ್ಥಿ, ಮೊದಲೇ ಸಂಕೋಚದವನು. ಅವರು ತಮ್ಮ ವಿರೋಧವನ್ನು ಬರೆದುಕೊಂಡು ಹೋದರು, ಅದನ್ನೂ ಓದಲಾರದೆ ಹೋದರು. ಬೇರೊಬ್ಬರು ಓದಿದರು. ಆಲಿನ್ಸನ್ ಸೋತರು, ಗಾಂಧಿ ಸೋತವರ ಪಕ್ಷದಲ್ಲಿದ್ದರು. ಅವರ ಸಭಾಕಂಪಕ್ಕೆ ಉದಾಹರಣೆಯಾಗಿ ಇದನ್ನು ಹೇಳುತ್ತಾರೆ. ನನಗೆ ಇದು ಅವರ ಮೊದಲ ಧೈರ್ಯದ ಭಾಷಣವಾಗಿ ಕಾಣುತ್ತದೆ. ದನಿ ಹೊರಡಲಿಲ್ಲ, ಮಾತು ಹೊರಟಿತು.

ಕಾಶಿಯಲ್ಲಿ 1916ರ ಫೆಬ್ರುವರಿಯಲ್ಲಿ, ಹಿಂದೂ ವಿಶ್ವವಿದ್ಯಾಲಯದ ಸ್ಥಾಪನೆಯ ಸಮಾರಂಭದಲ್ಲಿ, ಆಭರಣ ತೊಟ್ಟು ಕುಳಿತ ರಾಜಮಹಾರಾಜರ ಎದುರೇ ಆ ಆಭರಣಗಳನ್ನು ಕಳಚದೆ ಈ ದೇಶಕ್ಕೆ ಬಿಡುಗಡೆಯಿಲ್ಲ ಎಂದವರು ಅವರೇ. ಆನಿ ಬೆಸೆಂಟ್ ಸಾಕು ನಿಲ್ಲಿಸಿ ಎಂದರು, ರಾಜರು ಎದ್ದು ನಡೆದರು. ಲಂಡನ್ನಿನ ಆ ಸಭೆಗೂ ಕಾಶಿಯ ಈ ಸಭೆಗೂ ನಡುವೆ ಬೆಳೆದದ್ದು ದನಿ ಮಾತ್ರ ಎಂದು ನನಗನ್ನಿಸುತ್ತದೆ. ಎದ್ದು ನಿಲ್ಲುವ ಗುಣ ಮೊದಲೇ ಇತ್ತು. ತಮ್ಮ ಸಂಕೋಚವೇ ತಮಗೆ ಮಿತವಾಗಿ ಮಾತಾಡುವುದನ್ನು ಕಲಿಸಿತು, ಅದು ತಮಗೆ ಗುರಾಣಿಯಾಯಿತು ಎಂದು ಅವರು ಬರೆದಿರುವುದನ್ನು ನಾನು ವಿನಯದ ಮಾತೆಂದು ತಿಳಿಯುವುದಿಲ್ಲ. ಬಾಯಿಗೆ ಬರುವ ಮುನ್ನ ಪ್ರತಿ ಮಾತಿಗೂ ಇಷ್ಟು ಬೆಲೆ ತೆರಬೇಕಾದವನು ಸುಮ್ಮಸುಮ್ಮನೆ ಮಾತಾಡುವುದಾದರೂ ಹೇಗೆ?

ಎದ್ದು ನಿಲ್ಲುವ ಆ ಗುಣವನ್ನು ಮಕ್ಕಳಲ್ಲಿ ಬೆಳೆಸಬಲ್ಲ ಸಭೆಯೊಂದು ನಮ್ಮಲ್ಲೇ ಇದೆ: ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಕೆಲವೆಡೆ ಅದು ಕಾಟಾಚಾರಕ್ಕೆ, ಫೋಟೋಕ್ಕೆ ಮುಗಿಯುತ್ತದೆ. ಸರಿಯಾಗಿ ನಡೆದಲ್ಲಿ ಮಗು ಮೈಕ್ ಹಿಡಿದು ಕೇಳುತ್ತದೆ: ಶಾಲೆಯ ಶೌಚಾಲಯಕ್ಕೆ ನೀರು ಯಾಕಿಲ್ಲ, ಹಳ್ಳ ದಾಟಲು ಕಾಲುಸಂಕ ಯಾವಾಗ ಆಗುತ್ತದೆ, ಸಂಜೆಯ ಬಸ್ಸು ಯಾಕೆ ನಿಲ್ಲಿಸುವುದಿಲ್ಲ. ದನಿ ನಡುಗುತ್ತದೆ, ವಾಕ್ಯ ಅರ್ಧಕ್ಕೆ ನಿಲ್ಲುತ್ತದೆ, ಪಕ್ಕದ ಗೆಳತಿ ಮುಂದಿನ ಪದ ಹೇಳಿಕೊಡುತ್ತಾಳೆ. ಅಲ್ಲಿ ಬಾಯಿಪಾಠ ಮಾಡಿಸುವ ಅಗತ್ಯವಿಲ್ಲ, ಹಳ್ಳ ದಾಟುವುದು ಯಾರೋ ಬರೆದುಕೊಟ್ಟ ವಿಷಯವಲ್ಲ. ಅಧ್ಯಕ್ಷರು, ಪಿಡಿಒ, ಶಿಕ್ಷಕರು, ಆರೋಗ್ಯ ಇಲಾಖೆಯವರು ಎದುರಿಗಿದ್ದಾರೆ, ಅಂಕ ಹಾಕುವುದಕ್ಕಲ್ಲ, ಉತ್ತರ ಹೇಳುವುದಕ್ಕೆ. ಭಾಷಣ ಸ್ಪರ್ಧೆಯ ಬಹುಮಾನದ ಲೋಟಗಳಿಗೆ ಖರ್ಚು ಮಾಡುವಷ್ಟೇ ಆಸ್ಥೆಯನ್ನು ನಮ್ಮ ಶಾಲೆಗಳು ಈ ಸಭೆಗೆ ಮಕ್ಕಳನ್ನು ಕಳುಹಿಸುವುದಕ್ಕೂ, ಹೋದ ವರ್ಷ ಕೇಳಿದ ಪ್ರಶ್ನೆ ಏನಾಯಿತೆಂದು ಈ ವರ್ಷ ಮತ್ತೆ ಕೇಳಿಸುವುದಕ್ಕೂ ಕೊಡಲಿ ಎಂದು ನನ್ನ ಆಸೆ.