ಉಸಿರಾಡುವವಳ ಶ್ರಾದ್ಧ

ಅಗ್ರಹಾರದಲ್ಲಿ ಹೆಣ ಕೊಳೆಯುತ್ತಿದೆ. ಸಂಸ್ಕಾರ ಯಾರು ಮಾಡಬೇಕೆಂದರೆ ಶಾಸ್ತ್ರಕ್ಕೆ ಬಾಯಿಲ್ಲ. 1970ರ ‘ಸಂಸ್ಕಾರ’ ಚಿತ್ರದ ಈ ಇಕ್ಕಟ್ಟನ್ನು ಹೆಣೆದವರು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಕಾದಂಬರಿಕಾರ ಯು.ಆರ್. ಅನಂತಮೂರ್ತಿ.

ಅವರದೇ ಕಥೆಯನ್ನು 1977ರಲ್ಲಿ ‘ಘಟಶ್ರಾದ್ಧ’ವಾಗಿಸಿದವರು ಅದೇ ತಾಲ್ಲೂಕಿನ ಗಿರೀಶ ಕಾಸರವಳ್ಳಿ. ಅಲ್ಲಿ ಪ್ರಶ್ನೆ ಇನ್ನೂ ಕ್ರೂರ. ಬಸುರಾದ ವಿಧವೆ ಯಮುನಕ್ಕ ಇನ್ನೂ ಉಸಿರಾಡುತ್ತಿರುವಾಗಲೇ ಹೆತ್ತ ತಂದೆ ಮಡಕೆ ಒಡೆದು ಅವಳ ಶ್ರಾದ್ಧ ಮುಗಿಸುತ್ತಾನೆ. (ತಂದೆಯ ಮರುಮದುವೆಗೆ ಮಾತ್ರ ಯಾವ ಮಡಿಯೂ ಅಡ್ಡಬಾರದು!) ಧರ್ಮ ಇರುವುದು ಆ ಮಂತ್ರದಲ್ಲೋ, ಅವಳಿಗಾಗಿ ಮರುಗುವ ತಂದೆಯ ಪುಟ್ಟ ಶಿಷ್ಯ ನಾಣಿಯಲ್ಲೋ?

ಕಾಸರವಳ್ಳಿಯವರದೇ ‘ದ್ವೀಪ’ದ (2002) ಜಾಡು ಬೇರೆ. ಲಿಂಗನಮಕ್ಕಿ ಹಿನ್ನೀರು ಸಾಗರ, ಹೊಸನಗರದ ಊರುಗಳನ್ನು ನುಂಗಿದ್ದನ್ನು ಕಂಡ ನಾ. ಡಿಸೋಜ ಅವರ ಕಾದಂಬರಿ ಅದಕ್ಕೆ ಮೂಲ. ನಾಗಿ ನೀರಿನೊಡನೆ ಗುದ್ದಾಡಿದರೂ ಗಂಡ ಗಣಪ ಕೈಮುಗಿಯುವುದು ದೇವರಿಗೆ.

‘ಸಂಸ್ಕಾರ’ ವಾದಿಸುತ್ತದೆ, ‘ಘಟಶ್ರಾದ್ಧ’ ಕಾಡುತ್ತದೆ. ಅದರ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು.